ಹನ್ನೆರಡು ಬುಟ್ಟಿ, ಏಳು ಬುಟ್ಟಿ: ಬೈಬಲ್ಲಿನ ಸಂಖ್ಯೆಗಳನ್ನು ಓದುವುದು ಹೇಗೆ?

ಮಾರ್ಕನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಯೇಸು ತಮ್ಮ ಶಿಷ್ಯರಿಗೆ ಒಂದು ಲೆಕ್ಕದ ಪರೀಕ್ಷೆ ಇಡುತ್ತಾರೆ. ಎಲ್ಲರೂ ದೋಣಿಯಲ್ಲಿದ್ದಾರೆ. ಬುತ್ತಿ ತರುವುದು ಮರೆತುಹೋಗಿದೆ. ಇರುವುದು ಒಂದೇ ರೊಟ್ಟಿ. ಈಗೇನು ಮಾಡೋದು ಅಂತ ಶಿಷ್ಯರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿರುವಾಗ ಯೇಸು ಕೇಳುತ್ತಾರೆ: 5,000 ಜನರಿಗೆ 5 ರೊಟ್ಟಿ ಮುರಿದು ಕೊಟ್ಟಾಗ, ಮಿಕ್ಕ ತುಂಡುಗಳಿಂದ ಎಷ್ಟು ಬುಟ್ಟಿ ತುಂಬಿಸಿದಿರಿ? ‘ಹನ್ನೆರಡು’ ಅನ್ನುತ್ತಾರೆ ಅವರು. 4,000 ಜನರಿಗೆ 7 ರೊಟ್ಟಿ ಕೊಟ್ಟಾಗ? ‘ಏಳು.’ ಎರಡೂ ಉತ್ತರ ಸರಿಯಾಗಿವೆ. ಆದರೂ ಯೇಸು ಕೊನೆಗೆ ಕೇಳುವುದು, ನಿಮಗೆ ಇನ್ನೂ ತಿಳಿಯಲಿಲ್ಲವೇ ಅಂತ.

ಮಾರ್ಕ ಅಲ್ಲಿಗೇ ಆ ಪ್ರಸಂಗ ಮುಗಿಸಿಬಿಡುತ್ತಾನೆ. ಏನು ತಿಳಿಯಬೇಕಿತ್ತು ಅಂತ ಹೇಳುವುದಿಲ್ಲ. ಅಷ್ಟು ಜನರಿಗೆ ಉಣಿಸಿದವರು ಜೊತೆಗಿರುವಾಗ ಒಂದು ರೊಟ್ಟಿಗೆ ಯಾಕೆ ಚಿಂತೆ ಅನ್ನುವುದು ಮೇಲ್ನೋಟದ ಅರ್ಥ. ಅದು ಸರಿಯೇ. ಆದರೆ ಅಷ್ಟೇ ಆಗಿದ್ದರೆ ಮಿಕ್ಕ ಬುಟ್ಟಿಗಳ ಲೆಕ್ಕವನ್ನು ಶಿಷ್ಯರ ಬಾಯಲ್ಲೇ ಹೇಳಿಸುವ ಅಗತ್ಯ ಇರಲಿಲ್ಲ. ಇಲ್ಲಿ ಸಂಖ್ಯೆಯ ಕಡೆಗೆ ಬೊಟ್ಟು ಮಾಡುತ್ತಿರುವುದು ಯಾರೋ ವ್ಯಾಖ್ಯಾನಕಾರರಲ್ಲ, ಸುವಾರ್ತೆಯೇ.

ಹಿಂದಿನ ಪುಟಗಳನ್ನು ತಿರುವಿ ನೋಡೋಣ. ಮೊದಲನೆಯ ಊಟ 6ನೇ ಅಧ್ಯಾಯದಲ್ಲಿದೆ. ಅದು ಅಡವಿಯಂಥ ಜಾಗ. ಜನ ಕುರುಬನಿಲ್ಲದ ಕುರಿಗಳ ಹಾಗಿದ್ದರು ಅನ್ನುತ್ತಾನೆ ಮಾರ್ಕ. ಇದು ಮೋಶೆ ತನ್ನ ನಂತರ ಜನರಿಗೆ ನಾಯಕನನ್ನು ಕೊಡು ಅಂತ ಬೇಡುವಾಗ ಆಡಿದ ಮಾತು. ಜನ ನೂರರ ಗುಂಪು, ಐವತ್ತರ ಗುಂಪಾಗಿ ಕೂರುತ್ತಾರೆ. ಮರುಭೂಮಿಯಲ್ಲಿ ಮೋಶೆ ಇಸ್ರಾಯೇಲ್ಯರನ್ನು ವಿಂಗಡಿಸಿದ್ದೂ ಹೀಗೆಯೇ. ಇಷ್ಟೆಲ್ಲ ಆದ ಮೇಲೆ ಮಿಕ್ಕಿದ್ದು 12 ಬುಟ್ಟಿ ಅಂದರೆ, ಆ ಕಾಲದ ಯೆಹೂದಿ ಕೇಳುಗರಿಗೆ ಇಸ್ರಾಯೇಲಿನ 12 ಕುಲಗಳು ನೆನಪಾಗದೆ ಇರುತ್ತವೆಯೇ?

ಎರಡನೆಯ ಊಟಕ್ಕೆ ಮೊದಲು ಯೇಸು ತೂರ್, ಸೀದೋನ್ ಕಡೆ ಹೋಗಿ ದೆಕಪೊಲಿ ಸೀಮೆಗೆ ಬಂದಿದ್ದಾರೆ. ಅದು ಯೆಹೂದ್ಯರಲ್ಲದವರು ಜಾಸ್ತಿ ಇರುವ ಪ್ರದೇಶ. ಎರಡು ಊಟಗಳ ನಡುವೆ, 7ನೇ ಅಧ್ಯಾಯದಲ್ಲಿ, ಅನ್ಯಜನಾಂಗದ ಒಬ್ಬ ತಾಯಿ ಬರುತ್ತಾಳೆ. ಮಕ್ಕಳ ಊಟದಲ್ಲಿ ಮೇಜಿನ ಕೆಳಗೆ ಬೀಳುವ ಚೂರು ನಾಯಿಮರಿಗಳಿಗೂ ಸಿಗುತ್ತದಲ್ಲ ಸ್ವಾಮಿ ಅಂತ ವಾದಿಸಿ ಗೆಲ್ಲುತ್ತಾಳೆ. ಆಮೇಲೆ ನಡೆಯುವ ಊಟಕ್ಕೆ ಬಂದವರಲ್ಲಿ ಕೆಲವರು ದೂರದಿಂದ ಬಂದವರು. ಅಲ್ಲಿ ಮಿಕ್ಕಿದ್ದು 7 ಬುಟ್ಟಿ. ಇಸ್ರಾಯೇಲ್ಯರಿಗಿಂತ ಮೊದಲು ಕಾನಾನ್ ದೇಶದಲ್ಲಿದ್ದ 7 ಜನಾಂಗಗಳನ್ನು ಧರ್ಮೋಪದೇಶಕಾಂಡ ಹೆಸರಿಸುತ್ತದೆ. ಆದಿಕಾಂಡ 10ರ ಪಟ್ಟಿಯಲ್ಲಿ ಲೋಕದ ಜನಾಂಗಗಳು 70 ಅಂತ ಯೆಹೂದಿ ಸಂಪ್ರದಾಯ ಎಣಿಸುತ್ತದೆ. ಹಾಗಾಗಿ ಈ 7 ಅನ್ಯಜನರ ಪಾಲಿನ ರೊಟ್ಟಿ ಅಂತ ಹಲವರು ಓದುತ್ತಾರೆ. ನನ್ನ ಮಟ್ಟಿಗೆ 12ರ ಓದು ಗಟ್ಟಿ, 7ರ ಓದು ಅಷ್ಟು ಗಟ್ಟಿಯಲ್ಲ. ಆದರೆ ರೊಟ್ಟಿ ಮೊದಲು ಮನೆಯವರಿಗೆ, ಆಮೇಲೆ ಹೊರಗಿನವರಿಗೆ ಮುಟ್ಟಿತು, ಎರಡೂ ಕಡೆ ಮಿಕ್ಕಿತು ಅನ್ನುವುದು ಕಥೆಯ ಓಟದಲ್ಲೇ ಇದೆ.

ಇಷ್ಟು ನಿಧಾನವಾಗಿ ಹೇಳಿದ್ದಕ್ಕೆ ಕಾರಣ ಇದೆ. ಬೈಬಲ್ ಸಂಖ್ಯೆಗಳ ಬಗ್ಗೆ ಹುಡುಕಿದರೆ ಸಿಗುವುದು ಸಾಮಾನ್ಯವಾಗಿ ಒಂದು ಪಟ್ಟಿ. 1 ಅಂದರೆ ದೇವರ ಏಕತ್ವ, 5 ಅಂದರೆ ಕೃಪೆ, 6 ಅಂದರೆ ಮನುಷ್ಯ, 7 ಅಂದರೆ ಪೂರ್ಣತೆ, ಹೀಗೆ. ಇಂಥ ಪಟ್ಟಿಯಿಂದ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ. 5 ಅಂದರೆ ಕೃಪೆ ಆಗಿದ್ದರೆ, ಮತ್ತಾಯ 25ರಲ್ಲಿ ಎಣ್ಣೆ ತರದೆ ಬಾಗಿಲ ಹೊರಗೆ ಉಳಿದ 5 ಮಂದಿ ಬುದ್ಧಿಯಿಲ್ಲದ ಕನ್ಯೆಯರ ಗತಿ ಏನು? ಸಂಖ್ಯೆಗೆ ತನ್ನದೇ ಆದ ಅರ್ಥ ಅಂಟಿಕೊಂಡಿರುವುದಿಲ್ಲ. ಅದು ಕೇಳುಗರಿಗೆ ಆಗಲೇ ಗೊತ್ತಿರುವ ಇನ್ನೊಂದು ಕಥೆಯನ್ನು ನೆನಪಿಗೆ ತರುತ್ತದೆ. ಯಾವ ಕಥೆ ಅಂತ ಹೇಳುವ ಸುಳಿವು ಅಕ್ಕಪಕ್ಕದ ವಚನಗಳಲ್ಲಿ ಇರಲೇಬೇಕು.

ಏಳು: ದೇವರ ವಾರ, ಬಡವರ ಬಿಡುವು

ಬೈಬಲ್ಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಸಾಂಕೇತಿಕ ಸಂಖ್ಯೆ ಏಳು. ಅದು ಮೊದಲ ಸಾಲಿನಲ್ಲೇ ಕೂತಿದೆ. ಆದಿಕಾಂಡದ ಮೊದಲ ವಚನ ಹೀಬ್ರೂ ಮೂಲದಲ್ಲಿ 7 ಪದ. ಎರಡನೆಯ ವಚನ 14 ಪದ. ಸೃಷ್ಟಿಯ ಕಥೆ 2ನೇ ಅಧ್ಯಾಯದ 3ನೇ ವಚನದವರೆಗೆ ಹೋಗುತ್ತದೆ. ಅಷ್ಟರಲ್ಲಿ ‘ದೇವರು’ ಅನ್ನುವ ಪದ 35 ಸಲ ಬರುತ್ತದೆ, ‘ಭೂಮಿ’ 21 ಸಲ, ‘ಒಳ್ಳೆಯದು’ 7 ಸಲ. ಎಲ್ಲವೂ ಏಳರ ಮಗ್ಗಿ. ಇದು ತಾನಾಗಿ ಆಗುವ ಮಾತಲ್ಲ. ಏಳನೇ ದಿನವನ್ನು ಪವಿತ್ರ ಅಂತ ಹೇಳಲು ಹೊರಟವರು ಆ ಏಳನ್ನು ಮಾತಿನ ನೇಯ್ಗೆಯೊಳಗೇ ಸೇರಿಸಿದ್ದಾರೆ.

ಏಳರ ಮೇಲಿನ ಈ ಗೌರವ ಇಸ್ರಾಯೇಲ್ಯರದ್ದು ಮಾತ್ರ ಅಲ್ಲ. ಸಿರಿಯಾ ಕರಾವಳಿಯ ಉಗಾರಿತ್‌ನಲ್ಲಿ 1929ರಿಂದ ಅಗೆದು ತೆಗೆದ ಮಣ್ಣಿನ ಹಲಗೆಗಳಲ್ಲಿ ಬಾಳ್ ದೇವತೆಯ ಅರಮನೆ ಕಟ್ಟುವ ಕಥೆ ಇದೆ. ಆರು ದಿನ ಬೆಂಕಿ ಉರಿಯುತ್ತದೆ, ಏಳನೇ ದಿನ ಬೆಳ್ಳಿ ಬಂಗಾರ ಸಿದ್ಧವಾಗಿರುತ್ತದೆ. ಸುತ್ತಲಿನವರೆಲ್ಲ ಬಳಸುತ್ತಿದ್ದ ಸಂಖ್ಯೆಯನ್ನೇ ಇಸ್ರಾಯೇಲ್ಯರೂ ತೆಗೆದುಕೊಂಡರು. ಆದರೆ ಅದನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಏಳನೇ ದಿನ ನೀನಷ್ಟೇ ಅಲ್ಲ, ನಿನ್ನ ಆಳು, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ ಎಲ್ಲರೂ ಸುಧಾರಿಸಿಕೊಳ್ಳಬೇಕು. ಏಳನೇ ವರ್ಷ ಹೊಲ ಬೀಳು ಬಿಡಬೇಕು, ಸಾಲ ಮನ್ನಾ ಮಾಡಬೇಕು. ಏಳು ಏಳಲ ನಲವತ್ತೊಂಬತ್ತು ವರ್ಷ ಕಳೆದ ಮೇಲೆ 50ನೇ ವರ್ಷ ಜೂಬಿಲಿ. ಆಗ ಕೈಬಿಟ್ಟುಹೋದ ಪಿತ್ರಾರ್ಜಿತ ಜಮೀನು ಮೂಲದವರಿಗೆ ವಾಪಸ್ಸು, ಜೀತಕ್ಕೆ ಬಿದ್ದವರಿಗೆ ಬಿಡುಗಡೆ. ಏಳು ಅಂದರೆ ಪೂರ್ಣತೆ ಅಂತ ಒಂದೇ ಪದದಲ್ಲಿ ಮುಗಿಸಿದರೆ ಇದೆಲ್ಲ ಬಿಟ್ಟುಹೋಗುತ್ತದೆ. ಯಾಜಕಕಾಂಡ 25, ಧರ್ಮೋಪದೇಶಕಾಂಡ 15ರಲ್ಲಿ ಏಳು ಅನ್ನುವುದು ಹೊಲದ, ಸಾಲದ, ದುಡಿಯುವವರ ಮೈಯ ವಿಷಯ.

ಇನ್ನೊಂದು ಏಳನ್ನು ಹತ್ತಿರದಿಂದ ನೋಡಬೇಕು. ಆದಿಕಾಂಡ 4ರಲ್ಲಿ ಕಾಯಿನ ತಮ್ಮನನ್ನು ಕೊಂದ ಮೇಲೂ ದೇವರು ಅವನನ್ನು ಕಾಪಾಡುತ್ತಾನೆ. ಕಾಯಿನನನ್ನು ಕೊಂದವರಿಗೆ ಏಳರಷ್ಟು ದಂಡನೆ ಅನ್ನುತ್ತಾನೆ. ಕೆಲವು ತಲೆಮಾರು ಕಳೆಯುತ್ತದೆ. ಅದೇ ವಂಶದ ಲೆಮೆಕ ತನ್ನ ಇಬ್ಬರು ಹೆಂಡತಿಯರ ಮುಂದೆ ಕೊಚ್ಚಿಕೊಳ್ಳುತ್ತಾನೆ: ನನಗೆ ಗಾಯ ಮಾಡಿದ ಹುಡುಗನನ್ನು ಕೊಂದೆ, ಕಾಯಿನನಿಗೆ ಏಳರಷ್ಟು ಆದರೆ ಲೆಮೆಕನಿಗೆ ಎಪ್ಪತ್ತೇಳರಷ್ಟು! ಸೇಡು ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚಿಕ್ಕ ಕವಿತೆ ಬೇಕಿಲ್ಲ.

ಈಗ ಮತ್ತಾಯ 18ಕ್ಕೆ ಬನ್ನಿ. ಪೇತ್ರ ಕೇಳುತ್ತಾನೆ, ನನ್ನ ಸಹೋದರ ತಪ್ಪು ಮಾಡಿದರೆ ಎಷ್ಟು ಸಲ ಕ್ಷಮಿಸಲಿ, ಏಳು ಸಲವೇ? ಏಳು ಅಂದಾಗ ತಾನು ಧಾರಾಳವಾಗಿಯೇ ಹೇಳಿದೆ ಅಂತ ಅವನ ಲೆಕ್ಕ. ಯೇಸು ಕೊಡುವ ಉತ್ತರದ ಗ್ರೀಕ್ ಮಾತನ್ನು ಎಪ್ಪತ್ತೇಳು ಅಂತಲೂ ಓದಬಹುದು, ಏಳೆಪ್ಪತ್ತು ಅಂತಲೂ ಓದಬಹುದು. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಲೆಮೆಕನ ಬಾಯಲ್ಲಿರುವುದು ಇದೇ ಮಾತು, ಅಕ್ಷರಶಃ. ಹಾಗಾಗಿ 490 ಸಲ ಕ್ಷಮಿಸಿ 491ನೇ ಸಲ ಬಿಡಬಹುದಾ ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. ಲೆಮೆಕ ಸೇಡನ್ನು ಎಷ್ಟು ದೂರ ಒಯ್ದನೋ ಕ್ಷಮೆಯನ್ನು ಅಷ್ಟು ದೂರ ಒಯ್ಯಿ ಅಂತ ಯೇಸು ಹೇಳುತ್ತಿದ್ದಾರೆ. ಬೈಬಲ್ಲಿನ ಸಂಖ್ಯೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ.

ಹನ್ನೆರಡು ಮತ್ತು ಘನಾಕಾರದ ಊರು

ಹನ್ನೆರಡರ ವಿಷಯದಲ್ಲಿ ಒಂದು ಗಮನಿಸಬೇಕಾದ ಸಂಗತಿ: ಕುಲಗಳ ಪಟ್ಟಿಯಲ್ಲಿ ಹೆಸರುಗಳು ಬದಲಾಗುತ್ತವೆ, ಸಂಖ್ಯೆ ಬದಲಾಗುವುದಿಲ್ಲ. ಲೇವಿಯರನ್ನು ಯಾಜಕ ಸೇವೆಗೆ ಬೇರೆ ತೆಗೆದಾಗ ಯೋಸೇಫನ ಕುಲ ಎಫ್ರಾಯೀಮ್, ಮನಸ್ಸೆ ಅಂತ ಎರಡಾಗುತ್ತದೆ. ಮತ್ತೆ 12. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 7ನೇ ಅಧ್ಯಾಯದ ಪಟ್ಟಿಯಲ್ಲಿ ದಾನ್ ಕುಲವೇ ಇಲ್ಲ, ಲೇವಿ ಇದೆ, ಯೋಸೇಫನೂ ಮನಸ್ಸೆಯೂ ಇಬ್ಬರೂ ಇದ್ದಾರೆ. ಆದರೂ 12. ಯೇಸುವಿನ 12 ಅಪೊಸ್ತಲರಲ್ಲಿ ಒಬ್ಬನಾಗಿದ್ದು ಅವರನ್ನು ಹಿಡಿದುಕೊಟ್ಟ ಯೂದ ಸತ್ತ ಮೇಲೆ ಉಳಿದ ಅಪೊಸ್ತಲರು ಮೊದಲು ಮಾಡಿದ ಕೆಲಸವೇ ಚೀಟಿ ಹಾಕಿ ಮತ್ತೀಯನನ್ನು ಸೇರಿಸಿಕೊಂಡದ್ದು. 11 ಮಂದಿ ಇದ್ದರೆ ಸಾರುವ ಕೆಲಸ ನಿಲ್ಲುತ್ತಿರಲಿಲ್ಲ. ಆದರೆ ಇಸ್ರಾಯೇಲನ್ನು ದೇವರು ಮತ್ತೆ ಕೂಡಿಸುತ್ತಿದ್ದಾನೆ ಅನ್ನುವ ಗುರುತು ಹೋಗಿಬಿಡುತ್ತಿತ್ತು.

ಅದೇ ಪ್ರಕಟನೆ 7ರಲ್ಲಿ 1,44,000 ಬರುತ್ತದೆ. 12ನ್ನು 12ರಿಂದ ಗುಣಿಸಿ, ಸಾವಿರದಿಂದ ಗುಣಿಸಿದರೆ ಸಿಗುವ ಸಂಖ್ಯೆ. ಯೆಹೋವನ ಸಾಕ್ಷಿಗಳು ಇದನ್ನು ಅಕ್ಷರಶಃ ತೆಗೆದುಕೊಂಡು, ಪರಲೋಕದಲ್ಲಿ ಕ್ರಿಸ್ತನೊಡನೆ ಆಳುವವರು ಅಷ್ಟೇ ಜನ ಅನ್ನುತ್ತಾರೆ. ಆದರೆ ಪ್ರಕಟನೆ ಬರೆದ ಯೋಹಾನ ಆ ಸಂಖ್ಯೆಯನ್ನು ಕಿವಿಯಲ್ಲಿ ಕೇಳುತ್ತಾನೆ. ಆಮೇಲೆ ಕಣ್ಣೆತ್ತಿ ನೋಡಿದರೆ ಕಾಣುವುದು ಯಾರಿಂದಲೂ ಎಣಿಸಲಾಗದ ಮಹಾ ಸಮೂಹ, ಎಲ್ಲ ಜನಾಂಗ, ಎಲ್ಲ ಭಾಷೆಯವರು. 5ನೇ ಅಧ್ಯಾಯದಲ್ಲೂ ಹೀಗೇ ಆಗುತ್ತದೆ. ಸಿಂಹ ಅಂತ ಕೇಳಿಸುತ್ತದೆ, ನೋಡಿದರೆ ಕುರಿಮರಿ. ಕೇಳಿದ್ದು ಮತ್ತು ಕಂಡದ್ದು ಒಂದೇ ಸತ್ಯದ ಎರಡು ಮುಖ. ಹೀಗೆ ಓದಿದರೆ 1,44,000 ಅನ್ನುವುದು ಸೀಟುಗಳ ಮಿತಿ ಆಗುವುದಿಲ್ಲ.

ಕೊನೆಯ ದರ್ಶನದ ಹೊಸ ಯೆರೂಸಲೇಮಿಗೆ 12 ಬಾಗಿಲು, 12 ಅಸ್ತಿವಾರ. ಉದ್ದ, ಅಗಲ, ಎತ್ತರ ಒಂದೊಂದೂ 12,000 ಸ್ತಾದಿ, ಅಂದರೆ ಸುಮಾರು 2,200 ಕಿಲೋಮೀಟರ್. ಗೋಡೆ 144 ಮೊಳ. ಅಕ್ಷರಶಃ ಓದಿದರೆ 2,200 ಕಿಲೋಮೀಟರ್ ಎತ್ತರದ ಊರಿಗೆ 70 ಮೀಟರೂ ಇಲ್ಲದ ಗೋಡೆ. ಅಳತೆ ನೋಡಿ ಇದು ಸಾಧ್ಯವಾ ಅಂತ ಕೇಳುವ ಬದಲು, ಘನಾಕಾರದ ಜಾಗ ಬೈಬಲ್ಲಿನಲ್ಲಿ ಇನ್ನೆಲ್ಲಿದೆ ಅಂತ ಹುಡುಕಬೇಕು. 1 ಅರಸುಗಳು 6:20ರಲ್ಲಿ ಇದೆ. ಸೊಲೊಮೋನನ ದೇವಾಲಯದ ಮಹಾಪರಿಶುದ್ಧ ಸ್ಥಳ 20 ಮೊಳ ಉದ್ದ, 20 ಮೊಳ ಅಗಲ, 20 ಮೊಳ ಎತ್ತರ. ಅಲ್ಲಿಗೆ ಮಹಾಯಾಜಕ ಒಬ್ಬನೇ, ವರ್ಷಕ್ಕೊಮ್ಮೆ ಹೋಗಬಹುದಿತ್ತು. ಈಗ ಇಡೀ ಊರೇ ಆ ಆಕಾರಕ್ಕೆ ಬಂದಿದೆ. ಊರಲ್ಲಿ ದೇವಾಲಯ ಕಾಣಲಿಲ್ಲ ಅಂತ ಯೋಹಾನ ಹೇಳುವುದು ಅದಕ್ಕೇ. ದೇವರ ಸನ್ನಿಧಿ ಒಂದು ಕೋಣೆಯೊಳಗೆ ಇರುವುದಿಲ್ಲ, ಎಲ್ಲರೂ ಅದರಲ್ಲೇ ವಾಸ ಮಾಡುತ್ತಾರೆ. ಈ ಮಾತನ್ನು ಅವನು ಬರೀ ಅಳತೆಗಳಲ್ಲಿ ಹೇಳಿದ್ದಾನೆ.

ನಲವತ್ತು ಜಾಸ್ತಿ ವಿವರಣೆ ಬೇಡದ ಸಂಖ್ಯೆ. ನೋಹನ ಮಳೆ 40 ದಿನ, ಸೀನಾಯಿ ಬೆಟ್ಟದ ಮೇಲೆ ಮೋಶೆ 40 ದಿನ, ಹೋರೇಬಿಗೆ ಎಲೀಯನ ನಡಿಗೆ 40 ದಿನ, ನಿನೆವೆಗೆ ಯೋನ ಕೊಟ್ಟ ಗಡುವು 40 ದಿನ. ಗೂಢಚಾರರು ದೇಶ ನೋಡಿ ಬಂದ 40 ದಿನಕ್ಕೆ ದಿನಕ್ಕೊಂದು ವರ್ಷದಂತೆ 40 ವರ್ಷ ಅಲೆದಾಟ ಅಂತ ಅರಣ್ಯಕಾಂಡವೇ ಲೆಕ್ಕ ಕೊಡುತ್ತದೆ. ಯೇಸು ಅಡವಿಯಲ್ಲಿ 40 ದಿನ ಉಪವಾಸ ಇದ್ದಾಗ ಸೈತಾನನಿಗೆ ಕೊಟ್ಟ ಮೂರೂ ಉತ್ತರಗಳು ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಅವು ಅದೇ ಅಲೆದಾಟದ ಪಾಠಗಳು. ಹಾಗಾಗಿ ಇಲ್ಲಿ ಅನುಮಾನಕ್ಕೆ ಜಾಗವಿಲ್ಲ. ಈಸ್ಟರ್‌ಗೆ ಮೊದಲು ನಮ್ಮ ಕಥೋಲಿಕ ಚರ್ಚುಗಳು ಆಚರಿಸುವ 40 ದಿನದ ತಪಸ್ಸುಕಾಲಕ್ಕೂ ಇದೇ ಮೂಲ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಆಗುತ್ತದಲ್ಲ ಅಂತ ಹಲವರಿಗೆ ಅನಿಸಿರಬಹುದು. ಭಾನುವಾರಗಳು ಪುನರುತ್ಥಾನದ ದಿನ, ಉಪವಾಸದ ಲೆಕ್ಕಕ್ಕಿಲ್ಲ. ಆ 6 ಕಳೆದರೆ 40.

ಅಕ್ಷರವೇ ಅಂಕಿ ಆದಾಗ

ಇಲ್ಲಿಂದ ದಾರಿ ಸ್ವಲ್ಪ ಕಡಿದು. ಹಳೆಯ ಹೀಬ್ರೂ ಮತ್ತು ಗ್ರೀಕಿನವರಿಗೆ ನಮ್ಮ ಹಾಗೆ ಬೇರೆ ಅಂಕಿಗಳು ಇರಲಿಲ್ಲ. ಅಕ್ಷರಗಳನ್ನೇ ಅಂಕಿಯಾಗಿ ಬಳಸುತ್ತಿದ್ದರು. ಮೊದಲ ಅಕ್ಷರ 1, ಎರಡನೆಯದು 2, ಹತ್ತಾದ ಮೇಲೆ 20, 30, ನೂರಾದ ಮೇಲೆ 200, 300. ಹಾಗಾಗಿ ಯಾವ ಹೆಸರನ್ನಾದರೂ ಕೂಡಿದರೆ ಒಂದು ಮೊತ್ತ ಸಿಗುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸದೇನಲ್ಲ. ಕಟಪಯಾದಿ ಲೆಕ್ಕದಲ್ಲಿ ಧೀರಶಂಕರಾಭರಣದ ‘ಧೀ’ 9, ‘ರ’ 2, ತಿರುಗಿಸಿದರೆ 29ನೇ ಮೇಳಕರ್ತ. ಅಲ್ಲಿ ತಿರುಗಿಸಬೇಕು, ಇಲ್ಲಿ ಸುಮ್ನೆ ಕೂಡಬೇಕು, ಅಷ್ಟೇ ವ್ಯತ್ಯಾಸ.

ಇದು ಪಂಡಿತರ ಗುಟ್ಟಿನ ವಿದ್ಯೆಯೂ ಆಗಿರಲಿಲ್ಲ. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಪೊಂಪೇ ನಗರದ ಗೋಡೆಯ ಮೇಲೆ ಯಾರೋ ಗೀಚಿದ್ದು ಹಾಗೇ ಉಳಿದಿದೆ: 545 ಸಂಖ್ಯೆಯವಳನ್ನು ನಾನು ಪ್ರೀತಿಸುತ್ತೇನೆ ಅಂತ. ರೋಮಿನಲ್ಲಿ ನೀರೋ ಚಕ್ರವರ್ತಿಯನ್ನು ಹಂಗಿಸುವ ಒಂದು ಸಾಲು ಓಡಾಡುತ್ತಿತ್ತು ಅಂತ ಇತಿಹಾಸಕಾರ ಸುಯೆಟೋನಿಯಸ್ ಬರೆದಿದ್ದಾನೆ. ಗ್ರೀಕಿನಲ್ಲಿ ನೀರೋನ್ ಅಂದರೆ 1005. ‘ತನ್ನ ತಾಯಿಯನ್ನು ಕೊಂದ’ ಅನ್ನುವ ಮಾತಿನ ಮೊತ್ತವೂ 1005. ನೀರೋ ನಿಜವಾಗಿಯೂ ತಾಯಿಯನ್ನು ಕೊಲ್ಲಿಸಿದ್ದ.

ಈ ಹಿನ್ನೆಲೆ ಇಟ್ಟುಕೊಂಡು ಪ್ರಕಟನೆ 13:18 ಓದಿದರೆ ಅದರ ಮೇಲಿನ ಭಯ ಅರ್ಧ ಇಳಿಯುತ್ತದೆ. ಬುದ್ಧಿ ಇರುವವನು ಮೃಗದ ಸಂಖ್ಯೆಯನ್ನು ಲೆಕ್ಕ ಮಾಡಲಿ, ಅದು ಒಬ್ಬ ಮನುಷ್ಯನ ಸಂಖ್ಯೆ, 666 ಅನ್ನುತ್ತದೆ ಆ ವಚನ. ಅಂದರೆ ಮೊದಲ ಓದುಗರು ಲೆಕ್ಕ ಮಾಡಿ ಕಂಡುಹಿಡಿಯಬಲ್ಲ ಹೆಸರು ಅದು. ‘ನೀರೋನ್ ಕೈಸರ್’ (ಚಕ್ರವರ್ತಿ ನೀರೋ) ಅನ್ನುವುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆಯಿರಿ. ನೂನ್ 50, ರೇಶ್ 200, ವಾವ್ 6, ಮತ್ತೆ ನೂನ್ 50: ಒಟ್ಟು 306. ಕೋಫ್ 100, ಸಾಮೆಖ್ 60, ರೇಶ್ 200: ಒಟ್ಟು 360. ಎರಡೂ ಸೇರಿ 666.

ಪುಸ್ತಕ ಗ್ರೀಕಿನಲ್ಲಿದೆ, ಲೆಕ್ಕ ಹೀಬ್ರೂವಿನಲ್ಲಿ ಯಾಕೆ ಅಂತ ಕೇಳಬಹುದು. ಕೇಳಲೇಬೇಕು. ಯೋಹಾನ ಬೇರೆ ಎರಡು ಕಡೆ ಇದು ಹೀಬ್ರೂ ಹೆಸರು ಅಂತ ಹೇಳಿಯೇ ಹೆಸರು ಕೊಡುತ್ತಾನೆ, ಅಬದ್ದೋನ್ ಮತ್ತು ಹರ್ಮಗೆದ್ದೋನ್. ಕೈಸರನ ಹೆಸರನ್ನು ಹಾಗೆ ಯಾರಾದರೂ ಬರೆಯುತ್ತಿದ್ದರಾ? ಮೃತ ಸಮುದ್ರದ ಹತ್ತಿರದ ಮುರಬ್ಬಆತ್ ಗುಹೆಗಳಲ್ಲಿ ಸಿಕ್ಕ ಒಂದು ಸಾಲಪತ್ರ ನೀರೋ ಆಳ್ವಿಕೆಯ ಎರಡನೇ ವರ್ಷದ್ದು. ಅದರಲ್ಲಿ ಸರಿಯಾಗಿ ಇದೇ ಏಳು ಅಕ್ಷರಗಳಿವೆ. ಇನ್ನೂ ಗಟ್ಟಿಯಾದ ಸಾಕ್ಷಿ ಬೇರೆ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪ್ರಕಟನೆಯ ಹಳೆಯ ಪಪೈರಸ್ ಪ್ರತಿಯೊಂದರಲ್ಲಿ ಸಂಖ್ಯೆ 666 ಅಲ್ಲ, 616. ನೀರೋನ್ ಅನ್ನುವುದು ಗ್ರೀಕ್ ರೂಪ. ಲ್ಯಾಟಿನಿನಲ್ಲಿ ಬರೀ ನೀರೋ. ಕೊನೆಯ ನೂನ್ ಬಿಟ್ಟರೆ 50 ಕಡಿಮೆ, ಅಂದರೆ 616. 666, 616 ಎರಡನ್ನೂ ಒಂದೇ ಹೆಸರು ವಿವರಿಸುತ್ತದೆ. ಬೇರೆ ಯಾವ ಊಹೆಯೂ ಇಷ್ಟು ಅಚ್ಚುಕಟ್ಟಾಗಿ ಕೂರುವುದಿಲ್ಲ.

ಕ್ರಿ.ಶ. 180ರ ಸುಮಾರಿಗೆ ಲಿಯೋನಿನ ಬಿಷಪ್ ಐರೇನಿಯಸ್‌ಗೆ 616 ಇರುವ ಪ್ರತಿಗಳು ಗೊತ್ತಿದ್ದವು. ಅದು ನಕಲು ಮಾಡಿದವರ ತಪ್ಪು ಅಂತ ಅವರು ತಳ್ಳಿಹಾಕಿದರು. ಎವಾಂತಸ್, ಲತೇಯ್ನೋಸ್, ತೇಯ್ತಾನ್ ಅಂತ ಮೂರು ಹೆಸರು ಕೂಡಿ ತೋರಿಸಿದರು. ನೀರೋ ಹೆಸರು ಅವರ ಪಟ್ಟಿಯಲ್ಲಿಲ್ಲ. ಹಾಗಾಗಿ ನೀರೋ ಓದನ್ನು ಒಪ್ಪದವರಿಗೂ ಒಂದು ಆಧಾರ ಇದೆ. ಆದರೆ ಐರೇನಿಯಸ್ ಆಮೇಲೆ ಹೇಳಿದ ಮಾತು ಇವತ್ತಿಗೂ ಬೇಕು: 666ಕ್ಕೆ ಕೂಡುವ ಹೆಸರುಗಳು ಬೇಕಾದಷ್ಟಿವೆ, ಆದ್ದರಿಂದ ಊಹಿಸಿ ಸಾರುವುದಕ್ಕಿಂತ ಕಾಯುವುದೇ ಮೇಲು. ಬಾರ್‌ಕೋಡ್‌ನಲ್ಲಿ 666, ಕೊರೊನಾ ಲಸಿಕೆಯಲ್ಲಿ 666 ಅಂತ ವಾಟ್ಸಾಪಿನಲ್ಲಿ ಹಂಚುವವರು ಇದನ್ನು ಓದಬೇಕಿತ್ತು. ಆ ಹೆದರಿಕೆಯಿಂದ ಲಸಿಕೆ ಬಿಟ್ಟವರಿಗೆ ಆಗುವ ನಷ್ಟ ಸಾಂಕೇತಿಕವಲ್ಲ.

ಮತ್ತಾಯನ ಮೊದಲ ಪುಟದಲ್ಲೂ ಅಕ್ಷರದ ಲೆಕ್ಕ ಇದೆ ಅಂತ ಬಹಳ ಜನ ಭಾವಿಸುತ್ತಾರೆ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ಅಲ್ಲಿಂದ ಬಾಬೆಲಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14. ದಾವೀದ ಅನ್ನುವ ಹೆಸರು ಹೀಬ್ರೂವಿನಲ್ಲಿ ದಾಲೆತ್, ವಾವ್, ದಾಲೆತ್: 4, 6, 4, ಒಟ್ಟು 14. ಪಟ್ಟಿಯಲ್ಲೂ ದಾವೀದ 14ನೆಯವನು. ಈ 14 ಬರಲೆಂದು ಮತ್ತಾಯ ಅಹಜ್ಯ, ಯೋವಾಷ, ಅಮಚ್ಯ ಅನ್ನುವ ಮೂವರು ಅರಸರನ್ನು ಬಿಟ್ಟಿದ್ದಾನೆ. ಪೂರ್ವಕಾಲವೃತ್ತಾಂತದ ವಂಶಾವಳಿ ಪಕ್ಕದಲ್ಲಿಟ್ಟು ನೋಡಿದರೆ ಯಾರಿಗಾದರೂ ಕಾಣುತ್ತದೆ. ಕೊನೆಯ ಗುಂಪಿನಲ್ಲಿ ಎಣಿಸಿದರೆ 13 ಹೆಸರೇ ಸಿಗುವುದು. ಇದರಿಂದ ನಂಬಿಕೆ ಅಲುಗಾಡಬೇಕಿಲ್ಲ. ಅವನು ಬರೆದದ್ದು ತಾಲ್ಲೂಕು ಕಚೇರಿಯ ವಂಶವೃಕ್ಷ ಅಲ್ಲ. ಈತ ದಾವೀದನ ಮಗ ಅಂತ ಮೂರು ಸಲ ಸಾರುವ ಪಟ್ಟಿ.

ಹಾಗಂತ ಅಕ್ಷರ ಕೂಡಿದ್ದೆಲ್ಲ ಅರ್ಥ ಅಲ್ಲ. ಅಬ್ರಹಾಮ ಸೆರೆಸಿಕ್ಕ ತನ್ನ ಸೋದರನ ಮಗ ಲೋಟನನ್ನು ಬಿಡಿಸಲು 318 ಆಳುಗಳೊಡನೆ ಹೊರಟ ಅನ್ನುತ್ತದೆ ಆದಿಕಾಂಡ 14. ಯೆಹೂದಿ ರಬ್ಬಿಗಳು ಅವನ ಸೇವಕ ಎಲೀಯೆಜರನ ಹೆಸರನ್ನು ಕೂಡಿ 318 ಅಂತ ತೋರಿಸಿದರು. ಬಾರ್ನಬನ ಪತ್ರ ಅನ್ನುವ 2ನೇ ಶತಮಾನದ ಹೊತ್ತಿನ ಕ್ರೈಸ್ತ ಬರಹ ಅದನ್ನೇ ಗ್ರೀಕಿನಲ್ಲಿ ಒಡೆದು, 18 ಅಂದರೆ ಯೇಸುವಿನ ಹೆಸರಿನ ಮೊದಲೆರಡು ಅಕ್ಷರ, 300 ಅಂದರೆ ಶಿಲುಬೆಯ ಆಕಾರದ ‘ತೌ’ ಅಂದಿತು. ಒಂದೇ ಸಂಖ್ಯೆ, ಎರಡು ಸಮುದಾಯ, ಇಬ್ಬರೂ ತಾವು ಮೊದಲೇ ನಂಬಿದ್ದನ್ನೇ ಅದರಲ್ಲಿ ಕಂಡರು. ಗ್ರೀಕ್ ಅಕ್ಷರದ ಲೆಕ್ಕ ಅಬ್ರಹಾಮನ ಕಥೆಗೆ ಹೇಗೆ ತಾನೇ ಹೊಂದುತ್ತದೆ?

153 ಮೀನು

ಕಷ್ಟದ ಪ್ರಶ್ನೆ ಯೋಹಾನನ ಸುವಾರ್ತೆಯ 21ನೇ ಅಧ್ಯಾಯದ್ದು. ಪುನರುತ್ಥಾನದ ನಂತರ ಶಿಷ್ಯರು ಬಲೆ ಎಳೆದು ಎಣಿಸಿದರೆ 153 ದೊಡ್ಡ ಮೀನು. ಯಾಕೆ 153? ಸಂತ ಆಗಸ್ಟೀನ್ ಹೇಳಿದ್ದು ಹೀಗೆ: ದಶಾಜ್ಞೆ 10, ಪವಿತ್ರಾತ್ಮನ ವರಗಳು 7, ಸೇರಿ 17. ಒಂದರಿಂದ ಹದಿನೇಳರವರೆಗೆ ಕೂಡಿದರೆ 153. ಕೃಪೆಯ ಬಲದಿಂದ ಧರ್ಮಶಾಸ್ತ್ರ ನೆರವೇರಿಸಿದವರೆಲ್ಲ ಆ ಬಲೆಯಲ್ಲಿದ್ದಾರೆ ಅಂತ ಅವರ ಅರ್ಥ. ಸಂತ ಜೆರೋಮ್ ಪ್ರಕಾರ ಮೀನಿನ ಜಾತಿಗಳು 153 ಅಂತ ಬಲ್ಲವರು ಬರೆದಿದ್ದಾರೆ, ಅಂದರೆ ಎಲ್ಲ ಬಗೆಯ ಜನ.

ನನ್ನ ಮನಸ್ಸನ್ನು ತುಂಬ ಸೆಳೆಯುವ ಓದು ಬೇರೆ. ಯೆಹೆಜ್ಕೇಲ 47ರಲ್ಲಿ ದೇವಾಲಯದಿಂದ ಹೊರಟ ನೀರು ಮೃತ ಸಮುದ್ರವನ್ನೇ ಸಿಹಿ ಮಾಡುತ್ತದೆ. ಏನ್ಗೆದಿಯಿಂದ ಏನೆಗ್ಲಯಿಮ್‌ವರೆಗೆ ಬೆಸ್ತರು ನಿಂತು ಬಲೆ ಹರಡುತ್ತಾರೆ. ‘ಗೆದಿ’ ಕೂಡಿದರೆ 17. ‘ಎಗ್ಲಯಿಮ್’ ಕೂಡಿದರೆ 153. ಮೀನು, ಬಲೆ, ಬೆಸ್ತರು, ಜೀವ ಕೊಡುವ ನೀರು ಎಲ್ಲವೂ ಅಲ್ಲಿವೆ, ಸಂಖ್ಯೆಯೂ ಇದೆ. ಮೈ ಜುಮ್ಮೆನ್ನುತ್ತದೆ. ಆದರೂ ಇದನ್ನು ಸಾಬೀತಾದ ಸತ್ಯ ಅಂತ ಪುಲ್ಪಿಟ್ಟಿನಿಂದ ಹೇಳಬಾರದು ಅನ್ನುವುದು ನನ್ನ ಅಭಿಪ್ರಾಯ. ಪ್ರಕಟನೆಯಲ್ಲಿ ‘ಲೆಕ್ಕ ಮಾಡಲಿ’ ಅಂತ ಅಪ್ಪಣೆ ಇತ್ತು. ಇಲ್ಲಿ ಹಾಗಿಲ್ಲ. ಯೋಹಾನ ಬೊಟ್ಟು ಮಾಡಿ ಹೇಳುವುದು ಬೇರೆ ಸಂಗತಿ: ಅಷ್ಟೊಂದು ಇದ್ದರೂ ಬಲೆ ಹರಿಯಲಿಲ್ಲ. ಹಿಡಿದ ಮೀನನ್ನು ಎಣಿಸುವುದು ಬೆಸ್ತರ ದಿನನಿತ್ಯದ ಕೆಲಸ. ಪಾಲು ಹಂಚಬೇಕಲ್ವಾ?

ಇಂಥ ಎಚ್ಚರ ಯಾಕೆ ಬೇಕು ಅಂದರೆ, ಊಹೆಯ ಮೇಲೆ ಊಹೆ ಕಟ್ಟಿದವರ ಕಥೆ ನಮ್ಮ ಕಾಲದಲ್ಲೇ ಇದೆ. ಅಮೆರಿಕದ ರೇಡಿಯೋ ಬೋಧಕ ಹ್ಯಾರಲ್ಡ್ ಕ್ಯಾಂಪಿಂಗ್ 5 ಅಂದರೆ ಪ್ರಾಯಶ್ಚಿತ್ತ, 10 ಅಂದರೆ ಪೂರ್ಣತೆ, 17 ಅಂದರೆ ಪರಲೋಕ ಅಂತ ಹಿಡಿದ. ಮೂರನ್ನೂ ಗುಣಿಸಿ, ಬಂದದ್ದನ್ನು ಮತ್ತೆ ಅದರಿಂದಲೇ ಗುಣಿಸಿದ. 7,22,500 ಬಂತು. ಕ್ರಿ.ಶ. 33ರ ಏಪ್ರಿಲ್ 1ರಿಂದ ಅಷ್ಟು ದಿನ ಎಣಿಸಿದರೆ 2011ರ ಮೇ 21, ಅಂದು ನ್ಯಾಯತೀರ್ಪಿನ ದಿನ ಅಂತ ಸಾರಿದ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಕೆಲವರು ತಮ್ಮ ಉಳಿತಾಯವನ್ನೆಲ್ಲ ಜಾಹೀರಾತಿಗೆ ಸುರಿದರು. ಆ ದಿನ ಬಂತು, ಹೋಯಿತು. ಮರುವರ್ಷ ಆತ ತಪ್ಪಾಯಿತು ಅಂತ ಒಪ್ಪಿಕೊಂಡ. ಅದಕ್ಕೂ ಮೊದಲು ದಾನಿಯೇಲನ 2,300 ದಿನಗಳನ್ನು ವರ್ಷಗಳಾಗಿ ಎಣಿಸಿದ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಯೇಸು ಮತ್ತೆ ಬರುತ್ತಾರೆ ಅಂತ ಇಡೀ ದಿನ ಕಾದು ಅತ್ತಿದ್ದರು. ಆ ದಿನವೂ ಆ ಗಳಿಗೆಯೂ ಯಾರಿಗೂ ತಿಳಿಯದು ಅಂತ ಮತ್ತಾಯ 24:36 ನೇರವಾಗಿ ಹೇಳುತ್ತದೆ. ಅದಕ್ಕೆ ಲೆಕ್ಕ ಬೇಕಿಲ್ಲ.

153ರ ಬಗ್ಗೆ ತಲೆಕೆಡಿಸಿಕೊಂಡವರು ಅಪೊಸ್ತಲರ ಕೃತ್ಯಗಳು 27ನ್ನೂ ಓದಬೇಕು. ಪೌಲನನ್ನು ಸೆರೆಯಾಳಾಗಿ ರೋಮಿಗೆ ಒಯ್ಯುವ ಹಡಗು ಬಿರುಗಾಳಿಗೆ ಸಿಕ್ಕಿದೆ. ಅದರಲ್ಲಿ 276 ಜನ ಇದ್ದರು ಅನ್ನುತ್ತಾನೆ ಲೂಕ. ಒಂದರಿಂದ ಇಪ್ಪತ್ಮೂರರವರೆಗೆ ಕೂಡಿದರೆ ಸರಿಯಾಗಿ 276! ಗಣಿತದಲ್ಲಿ 153ರ ಜಾತಿಯದೇ ಸಂಖ್ಯೆ. 666 ಕೂಡ ಹಾಗೇ, ಒಂದರಿಂದ ಮೂವತ್ತಾರರವರೆಗಿನ ಮೊತ್ತ. ಆದರೆ 23ರಲ್ಲಿ ಯಾವ ಗುಟ್ಟೂ ಇಲ್ಲ. ಹಡಗು ಹೋದೀತು, ನಿಮ್ಮಲ್ಲಿ ಒಬ್ಬರ ಪ್ರಾಣವೂ ಹೋಗುವುದಿಲ್ಲ ಅಂತ ಪೌಲ ಮೊದಲೇ ಹೇಳಿರುತ್ತಾನೆ. ಎಲ್ಲರ ಮುಂದೆ ರೊಟ್ಟಿ ಮುರಿದು ತಿನ್ನುವಾಗ ಲೂಕ ತಲೆ ಎಣಿಸುತ್ತಾನೆ, 276. ಹಡಗು ಒಡೆಯುತ್ತದೆ. ಈಜು ಬಲ್ಲವರು ಈಜಿ, ಬಾರದವರು ಹಲಗೆ ಹಿಡಿದು, ಎಲ್ಲರೂ ದಡ ಸೇರುತ್ತಾರೆ. ಆ ಸಂಖ್ಯೆ ಅಲ್ಲಿರುವುದು, ಒಬ್ಬರೂ ಕಡಿಮೆಯಾಗಲಿಲ್ಲ ಅನ್ನುವುದಕ್ಕೆ ಲೆಕ್ಕ ಇರಲಿ ಅಂತ.